ಬೆರಳಿನ ಸುದ್ದಿ, ಕಣ್ಣಿನ ಅಂಗಡಿ

ನಿಮಗೆ ಬೆರಳು ನೋಯುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕೈ ಚಾಚುತ್ತೀರಾ? ಇಲ್ಲ ತಾನೇ? ಜಾಣರು ನೀವು. ನಾನೂ ಅಷ್ಟೇ ಜಾಣೆಯಾಗಿದ್ದೆ. ಆ ಜಾಣತನದ ಗುರುತು ನನ್ನ ಎಡಗಣ್ಣಿನ ಬಿಳಿ ಭಾಗದಲ್ಲಿ ನೀಲಿಯಾಗಿ ಕೂತಿದೆ. ಹತ್ತಿರ ಬಂದರೆ ತೋರಿಸುತ್ತೇನೆ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಸೊಸೆ ಮಂಜುಳ ಈಚೆಗಷ್ಟೇ ಕಲಿಸಿಕೊಟ್ಟಿದ್ದಾಳೆ. ಅಕ್ಷರಗಳನ್ನು ಇಡ್ಲಿಯಷ್ಟು ದಪ್ಪ ಮಾಡಿಕೊಟ್ಟಿದ್ದಾಳೆ. ನನ್ನ ಕೈಯಲ್ಲಿ ನೆಟ್ಟಗೆ ಉಳಿದಿರುವುದು ಒಂದು ತೋರುಬೆರಳು. ಅದರಲ್ಲೇ ಕುಟ್ಟುತ್ತೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಆಸ್ಪತ್ರೆಯ ಬೆಂಚುಗಳಲ್ಲಿ ಪರಿಚಯವಾದ ನಮ್ಮಂಥ ಕೀಲುಬಾವಿನವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅಲ್ಲಿಗೆ ಹೊಸದಾಗಿ ಬಂದ ಒಬ್ಬಾಕೆ, ಕಣ್ಣು ಕೆಂಪಾಗಿದೆ, ಭಯ ಆಗುತ್ತಿದೆ ಎಂದು ಬರೆದಿದ್ದರು. ಆಕೆಗೆ ಎರಡು ಮಾತು ಹೇಳೋಣ ಎಂದು ಶುರು ಮಾಡಿದೆ. ಇಷ್ಟುದ್ದ ಆಯಿತು.

ನಮ್ಮ ಮನೆ ಪೀಣ್ಯದ ಕಾರ್ಖಾನೆಗಳ ಪಕ್ಕದ ರಾಜಗೋಪಾಲನಗರದಲ್ಲಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಶೆಡ್ಡುಗಳಿವೆ, ಉಳಿದ ಚೂರಿನಲ್ಲಿ ನಾವಿದ್ದೇವೆ, ಹಿಂದೆ ಬಾಡಿಗೆಗೆ ಕೊಟ್ಟ ಒಂದು ರೂಮಿದೆ. ನಮ್ಮ ಕಡೆ ಕೆಲಸ ನಡೆಯುವ ರೀತಿಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಪೀಣ್ಯದಲ್ಲಿ ಒಂದು ಸಾಮಾನು ಒಂದೇ ಕಡೆ ತಯಾರಾಗುವುದು ಕಡಿಮೆ. ಒಂದು ಶೆಡ್ಡಿನವರು ಕಬ್ಬಿಣ ಕತ್ತರಿಸುತ್ತಾರೆ. ಪಕ್ಕದ ಬೀದಿಯವರು ಅದಕ್ಕೆ ತೂತು ಹಾಕುತ್ತಾರೆ, ಅದು ಡ್ರಿಲ್ಲಿಂಗ್. ಇನ್ನೆಲ್ಲೋ ಅದಕ್ಕೆ ಹೊಳಪು ಬರಿಸುತ್ತಾರೆ, ಅದು ಪ್ಲೇಟಿಂಗ್. ತೂತು ಹಾಕುವವನಿಗೆ ಆ ತುಂಡು ಪಂಪಿಗೆ ಹೋಗುತ್ತದೋ ಬಸ್ಸಿಗೆ ಹೋಗುತ್ತದೋ ಗೊತ್ತಿರುವುದಿಲ್ಲ, ಅವನು ಕೇಳುವುದೂ ಇಲ್ಲ. ನಮ್ಮ ಯಜಮಾನರು ಆಯಸ್ಸೆಲ್ಲ ಲೇತ್ ಮಿಷನ್ನಿನ ಮುಂದೆ ನಿಂತವರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ಬೆರಳಲ್ಲಿ ಒತ್ತಬಾರದು ಎಂದು ಯಾರೂ ಹೇಳಿಲ್ಲ: ರಂಗಪ್ಪ. ಯಾರಾದರೂ ಸಂಬಂಧವಿಲ್ಲದ್ದನ್ನು ವಿಚಾರಿಸಿದರೆ ಅವರದ್ದು ಒಂದೇ ಮಾತು.

"ಡ್ರಿಲ್ಲಿಂಗ್ ಅಂಗ್ಡೀಲಿ ಪ್ಲೇಟಿಂಗ್ ಸುದ್ದಿ ಯಾಕೆ?"

ಕೇಳಿ ಕೇಳಿ ನನ್ನ ನಾಲಿಗೆಗೂ ಅದೇ ಹತ್ತಿತ್ತು. ಪಕ್ಕದ ಮನೆಯವಳು ನಮ್ಮ ಮನೆ ಸಾರಿನ ವಿಚಾರ ಕೇಳಿದರೂ ಅದನ್ನೇ ಅನ್ನುತ್ತಿದ್ದೆ.

ನನ್ನ ಕೆಲಸ ರಬ್ಬರಿನದು. ಅಚ್ಚಿನಿಂದ ಬಂದ ರಬ್ಬರ್ ಉಂಗುರಗಳ ಅಂಚಿನಲ್ಲಿ ತೆಳ್ಳನೆಯ ಸಿಪ್ಪೆ ಉಳಿದಿರುತ್ತದೆ. ಶೆಡ್ಡಿನವರು ಚೀಲಗಟ್ಟಲೆ ಮನೆಗೆ ತಂದು ಹಾಕುತ್ತಾರೆ, ನಾವು ಹೆಂಗಸರು ಜಗಲಿಯ ಮೇಲೆ ಕೂತು ಸಣ್ಣ ಕತ್ತರಿಯಲ್ಲಿ ಆ ಸಿಪ್ಪೆ ಬಿಡಿಸಿ ಕೊಡಬೇಕು. ಕತ್ತರಿ ಒಂದು ಕೂದಲಿನಷ್ಟು ಒಳಗೆ ಹೋದರೂ ಉಂಗುರಕ್ಕೆ ಗಾಯವಾಗುತ್ತದೆ, ಆಮೇಲೆ ಅದು ಕೂರಿಸಿದ ಕಡೆ ಎಣ್ಣೆ ಸೋರುತ್ತದೆ. ಗಾಯದ ಉಂಗುರಗಳು ಕಂಡರೆ ಇಡೀ ಚೀಲ ವಾಪಸ್ ಬರುತ್ತದೆ. ನನ್ನ ಚೀಲ ಯಾವತ್ತೂ ವಾಪಸ್ ಬಂದಿರಲಿಲ್ಲ. ಪ್ರತಿ ಉಂಗುರವನ್ನೂ ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ, ಅದರೊಳಗಿಂದ ಬೀದಿ ನೋಡಿಯೇ ಕೆಳಗಿಡುತ್ತಿದ್ದೆ. ಎಷ್ಟು ಜನರ ಸಂಸಾರ ಆ ಉಂಗುರದೊಳಗಿಂದ ನೋಡಿದ್ದೇನೋ. ಬೀದಿಯಲ್ಲಿ ನನಗಿದ್ದ ಹೆಸರು ಅದೊಂದೇ: ಅಜ್ಜಿ ಕಣ್ಣು ತಪ್ಪಿಸಿ ಒಂದು ಉಂಗುರ ಹೋಗಲ್ಲ.

ಜಗಲಿಯ ಮೇಲೆ ನನ್ನ ಎದುರಿಗೆ ಕೂರುವವಳು ಶಾಂತವ್ವ. ಕೊಪ್ಪಳದ ಕಡೆಯವಳು, ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದಾಳೆ, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಉಂಗುರ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನಾನೇ. ಕೆಲಸ ಬೇಗ ಕಲಿತಳು, ಎದುರು ಮಾತು ಮೊದಲೇ ಬರುತ್ತಿತ್ತು.

ಮೆಟ್ರೋ ಕಂಬಗಳು ಎದ್ದು ಮೇಲೆ ರೈಲು ಇನ್ನೂ ಓಡದಿದ್ದ ಕಾಲ. ಬೆಳಿಗ್ಗೆ ಎದ್ದರೆ ನನ್ನ ಬೆರಳುಗಳು ಬಿಚ್ಚುತ್ತಿರಲಿಲ್ಲ. ಬಿಸಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತರೆ ಲೋಟ ತಣ್ಣಗಾಗುವ ಹೊತ್ತಿಗೆ ಒಂದೊಂದಾಗಿ ಸಡಿಲವಾಗುತ್ತಿದ್ದವು. ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿದ್ದವು. ಬಸ್ ಸ್ಟಾಪಿನ ಹತ್ತಿರದ ಮೂಳೆ ಡಾಕ್ಟರಿಗೆ ತೋರಿಸಿದೆ. ವಯಸ್ಸಾಯ್ತಲ್ಲಮ್ಮ ಎಂದು ನೋವಿನ ಮಾತ್ರೆ ಕೊಟ್ಟರು. ವಯಸ್ಸಾಗಿದ್ದು ಸುಳ್ಳೇನಲ್ಲ, ನುಂಗಿದೆ.

ಆಮೇಲೆ ಕಣ್ಣು ಕೆಂಪಾಯಿತು. ಎಡಗಣ್ಣು. ನಮ್ಮ ಬೀದಿಯಲ್ಲಿ ಕೆಂಪು ಕಣ್ಣಿಗೆ ಡಾಕ್ಟರು ಬೇಕಿಲ್ಲ. ಎದುರಿಗೇ ವೆಲ್ಡಿಂಗ್ ಶೆಡ್ಡಿದೆ, ಯಾರ ಕಣ್ಣು ಕೆಂಪಾದರೂ ಅದರ ಬೆಳಕು ಹೊಡೆದಿದೆ ಎಂದೇ ಲೆಕ್ಕ. ಯಜಮಾನರು ನನ್ನ ರೆಪ್ಪೆ ಎತ್ತಿ ನೋಡಿ, "ಆರ್ಕ್ ಒಡ್ದೈತೆ ಕಣೇ, ಆಲೂಗಡ್ಡೆ ಇಡು" ಎಂದರು. ವೆಲ್ಡಿಂಗ್ ಹುಡುಗರೆಲ್ಲ ಮಾಡುವ ಮದ್ದು ಅದು. ಹಸಿ ಆಲೂಗಡ್ಡೆಯ ಬಿಲ್ಲೆ ಕಣ್ಣ ಮೇಲಿಟ್ಟುಕೊಂಡು ದಿನಾ ಮಧ್ಯಾಹ್ನ ಮಲಗಿದೆ. ಉಳಿದ ಅರ್ಧ ಆಲೂಗಡ್ಡೆಯನ್ನು ಮಂಜುಳ ರಾತ್ರಿಗೆ ಪಲ್ಯ ಮಾಡುತ್ತಿದ್ದಳು. ಆ ವಾರವೆಲ್ಲ ಮನೆಮಂದಿ ನನ್ನ ಕಣ್ಣಿನ ಪಲ್ಯ ತಿಂದರು.

ಕಡಿಮೆಯಾಗಲಿಲ್ಲ. ಕೆಂಪು ಹೋಗಿ ನೇರಳೆ ಬಣ್ಣಕ್ಕೆ ತಿರುಗಿತು. ನೋವು ಅಂದರೆ ಕಣ್ಣುರಿ ಅಲ್ಲ, ಕಣ್ಣ ಹಿಂದೆ ಯಾರೋ ಕೂತು ಬೈರಿಗೆ ತಿರುಗಿಸಿದಂತೆ, ಹುಬ್ಬಿನಿಂದ ದವಡೆಯವರೆಗೂ ಇಳಿಯುತ್ತಿತ್ತು. ಹತ್ತಿರದ ಕಣ್ಣಿನ ಕ್ಲಿನಿಕ್ಕಿಗೆ ಹೊರಟೆ. ಶಾಂತವ್ವ ಕತ್ತರಿ ಕೆಳಗಿಟ್ಟು ನನ್ನ ಕೈಗಳನ್ನೇ ನೋಡುತ್ತಿದ್ದಳು.

"ಅಮ್ಮಾರ, ಹ್ಯಾಂಗೂ ಹೊಂಟೀರಿ, ಬೆರಳಿನ ಸುದ್ದೀನೂ ಒಂದ್ ಮಾತು ಹೇಳ್ರಿ ಅವರಿಗೆ" ಎಂದಳು.

"ಡ್ರಿಲ್ಲಿಂಗ್ ಅಂಗ್ಡೀಲಿ ಪ್ಲೇಟಿಂಗ್ ಸುದ್ದಿ ಯಾಕೆ? ನಿನ್ ಚೀಲ ನೀ ನೋಡ್ಕೊ" ಎಂದೆ.

ಕ್ಲಿನಿಕ್ಕಿನವರು ಮದ್ರಾಸ್ ಐ ಎಂದು ಹನಿ ಬರೆದುಕೊಟ್ಟರು. ಕರಿ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಬೀದಿಯವರೆಲ್ಲ, ಅಜ್ಜಿ ಹೀರೋಯಿನ್ ಆದ್ರಲ್ಲ ಎಂದು ನಕ್ಕರು. ನಾನೂ ನಕ್ಕೆ. ಕನ್ನಡಕದ ಒಳಗೆ ಎಡಗಣ್ಣಿಗೆ ಉಂಗುರವೇ ಕಾಣುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಮಂಜುಳ ನನ್ನ ಕನ್ನಡಕ ತೆಗೆದು ನೋಡಿದಳು. ಅವಳು ಗಾರ್ಮೆಂಟ್ಸ್‌ಗೆ ಹೋಗುವವಳು, ರಜೆ ಸಿಗುವುದು ಕಷ್ಟ. ಅಲ್ಲೇ ನಿಂತು ಸೂಪರ್‌ವೈಸರಿಗೆ ಫೋನ್ ಮಾಡಿ ಹೊಟ್ಟೆನೋವು ಎಂದು ಸುಳ್ಳು ಹೇಳಿ, ನನ್ನನ್ನು ಊರೊಳಗಿನ ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಳು.

ಆ ಆಸ್ಪತ್ರೆಯ ಹಾಲ್ ನೋಡಬೇಕು ನೀವು. ಹನಿ ಹಾಕಿಸಿಕೊಂಡವರೆಲ್ಲ ಸಾಲಾಗಿ ಕಣ್ಣು ಮುಚ್ಚಿ ಕೂತಿರುತ್ತಾರೆ, ಭಜನೆಗೆ ಕೂತು ಹಾಡು ಮರೆತವರ ಹಾಗೆ. ನನ್ನ ಎದುರಿನ ಗಂಡಸು ಕಣ್ಣು ಮುಚ್ಚಿಕೊಂಡೇ ಡಬ್ಬಿ ತೆಗೆದು ಚಿತ್ರಾನ್ನ ತಿಂದ. ಒಂದು ಅಗುಳೂ ಕೆಳಗೆ ಬೀಳಲಿಲ್ಲ. ನಾನು ಮೋಸ ಮಾಡಿ ಬಲಗಣ್ಣಿನ ಸಂದಿಯಿಂದ ನೋಡುತ್ತಿದ್ದೆ. ನರ್ಸಮ್ಮ ಗದರಿದರು, ಮುಚ್ಚಿದೆ.

ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೇರೆ ಏನಾದರೂ ಕಾಯಿಲೆ ಇದೆಯೇ, ಕೈಕಾಲು ಕೀಲು ನೋವು ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮಂಜುಳ ಫೈಲು ತರಲು ಹೊರಗೆ ಹೋಗಿದ್ದಳು, ಇದ್ದಿದ್ದರೆ ಹೇಳಿಬಿಡುತ್ತಿದ್ದಳು. ಡಾಕ್ಟರು ನನ್ನ ಗದ್ದವನ್ನು ಮಿಷನ್ನಿನ ಮೇಲೆ ಇಡಿಸಿ, ಅಲ್ಲಾಡಬೇಡಿ, ಎರಡೂ ಕಡೆ ಹಿಡಿ ಇದೆ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದರು. ಹಿಡಿದೆ. ಹಿಡಿಯಲಾಗಲಿಲ್ಲ. ಬೆರಳುಗಳು ಆ ಕಬ್ಬಿಣವನ್ನು ಸುತ್ತದೆ ಅರ್ಧಕ್ಕೇ ನಿಂತವು. ಬೆಳಕು ನನ್ನ ಕಣ್ಣಿನಲ್ಲೇ ಇತ್ತು, ಆದರೆ ಡಾಕ್ಟರು ಮಿಷನ್ನಿನಿಂದ ತಲೆ ಎತ್ತಿ ನನ್ನ ಕೈ ನೋಡುತ್ತಿದ್ದರು.

"ಇದು ಯಾವಾಗಿಂದ ಅಜ್ಜಿ?"

"ಅದು ಬೇರೆ ಅಂಗ್ಡೀದು ಮೇಡಂ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಳಗೆ ಬಂದ ಮಂಜುಳ ಎಲ್ಲವನ್ನೂ ಬಿಡಿಸಿ ಹೇಳಿದಳು, ತನ್ನ ಮಾವನ ಡ್ರಿಲ್ಲಿಂಗ್ ಮಾತನ್ನೂ ಸೇರಿಸಿ. ಡಾಕ್ಟರು ಬೈಯಲಿಲ್ಲ. ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನನ್ನ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಎರಡೂ ಒಂದೇ ಕಾಯಿಲೆ ಅಜ್ಜಿ, ಕೀಲುಬಾವು. ಬೆರಳಲ್ಲಿ ಶುರುವಾಗಿ ಕಣ್ಣಿಗೆ ಬಂದಿದೆ. ನಾವೂ ನೀವು ಹೇಳ್ದಂಗೆ ಬೇರೆ ಬೇರೆ ಅಂಗಡಿ ಇಟ್ಕೊಂಡ್ ಕೂತಿದೀವಿ, ನಿಮ್ದೊಬ್ರುದೇ ತಪ್ಪಲ್ಲ."

ಆಮೇಲೆ ಡಾಕ್ಟರು ಮಂಜುಳಳ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು. ಎಡಗಣ್ಣಿನ ಬಿಳಿಗೋಡೆ ತೆಳ್ಳಗಾಗಿದೆ, ಅದರಲ್ಲಿ ಎಷ್ಟು ನೋಟ ಉಳಿಯುತ್ತದೋ ಹೇಳಲಾಗುವುದಿಲ್ಲ. ಮೈಗೆ ಔಷಧಿ ಶುರು ಮಾಡದಿದ್ದರೆ ಬಲಗಣ್ಣಿಗೂ ಬರಬಹುದು.

ನಾನು ಅಳಲಿಲ್ಲ. ಧೈರ್ಯ ಎಂದು ತಿಳಿಯಬೇಡಿ. ಏನೂ ಬರಲಿಲ್ಲ. ಪರೀಕ್ಷೆಗೆ ಮುಂಚೆ ಕಣ್ಣಿಗೆ ಒಂದು ಹನಿ ಬಿಟ್ಟಿದ್ದರು, ಗುಡ್ಡೆಯ ಮೇಲೆ ಏನು ಮುಟ್ಟಿಸಿದರೂ ತಿಳಿಯದ ಹಾಗೆ ಮಾಡುವ ಹನಿ. ಅದರ ಜೋಮು ಬಸ್ ಹತ್ತುವ ಹೊತ್ತಿಗೆ ಕಣ್ಣಿನಿಂದ ಬಿಟ್ಟಿತು. ಉಳಿದ ಕಡೆಯಿಂದ ಬಿಡಲಿಲ್ಲ. ಬಸ್ಸಿನಲ್ಲಿ ಮಂಜುಳ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದಳು. ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿದ್ದೆನೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಯಶವಂತಪುರ ದಾಟುವ ತನಕ ಅದೊಂದೇ ಯೋಚನೆ.

ಮನೆಯಲ್ಲಿ ಮಂಜುಳ ವಿಷಯ ಹೇಳಿದಳು. ಕಂಪನಿ ಬಸ್ಸಿನ ಡ್ರೈವರ್ ಆಗಿರುವ ಮಗ ಎಷ್ಟೋ ಹೊತ್ತು ಕೇಳಿದ್ದನ್ನೇ ಕೇಳಿದ.  ಯಜಮಾನರು ಮಾರನೆಯ ದಿನ ಏಣಿ ತಂದು ಜಗಲಿಯ ಮೇಲೆ ಒಂದು ಟ್ಯೂಬ್‌ಲೈಟ್ ಹಾಕಿದರು. ಕೆಲವು ದಿನ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು. ಹಗಲಲ್ಲೇ ಉರಿಯುತ್ತಿದ್ದವು.

"ಅಮ್ಮಾರ, ಯಜಮಾನ್ರು ಜಗಲಿ ಮ್ಯಾಲ ಯಾರದರ ಮದುವಿ ಮಾಡಾವ್ರದಾರೇನ್ರಿ?" ಎಂದು ಶಾಂತವ್ವ ಕೇಳಿದಳು.

ಅವತ್ತಿನಿಂದ ಆ ಡ್ರಿಲ್ಲಿಂಗ್ ಮಾತು ಅವರ ಬಾಯಲ್ಲಿ ಬರಲಿಲ್ಲ. ನಾನೂ ಆಡಲಿಲ್ಲ.

ಕಣ್ಣಿನ ಡಾಕ್ಟರು ನನ್ನನ್ನು ಕೀಲಿನ ಡಾಕ್ಟರ ಹತ್ತಿರ ಕಳಿಸಿದರು. ಆ ಹಾಲ್ ಇನ್ನೊಂದು ಥರ. ಅಲ್ಲಿ ಎಲ್ಲರೂ ಎಲ್ಲರ ಕೈ ನೋಡುತ್ತಾರೆ. ನಮಸ್ಕಾರ ಮಾಡಿದರೆ ಬೆರಳಿಗೆ ಬೆರಳು ಕೂಡದ ಜನ. ನನಗಿಂತ ಎಷ್ಟೋ ಚಿಕ್ಕವಳು, ಮಡಿಲಲ್ಲಿ ಮಗು ಮಲಗಿಸಿಕೊಂಡವಳು, ನಲ್ಲಿಯನ್ನು ಬೆರಳಿನಲ್ಲಿ ತಿರುಗಿಸಬೇಡಿ ಅಮ್ಮ, ಮಣಿಕಟ್ಟಿನಲ್ಲಿ ತಳ್ಳಿ ಎಂದು ತೋರಿಸಿಕೊಟ್ಟಳು. ಇಷ್ಟು ಕಾಲದಲ್ಲಿ ನನಗೆ ಆದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

ಮಾತ್ರೆಗಳು ಶುರುವಾದವು. ಒಂದು ಮಾತ್ರೆ ಮುಖ ಊದಿಸಿತು. ಬೀದಿಯವರು, ಅಜ್ಜಿ ಮೈ ಕೈ ತುಂಬ್ಕೊಂಡ್ರು ಎಂದು ಸಂತೋಷಪಟ್ಟರು. ಮಾರಿ ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿದಂಗ ಉಬ್ಬೈತಿ ಎಂದವಳು ಶಾಂತವ್ವ ಒಬ್ಬಳೇ. ಇನ್ನೊಂದು ಮಾತ್ರೆ ವಾರಕ್ಕೆ ಒಂದೇ ಸಲ, ಗುರುವಾರ. ಅದರ ಮಾರನೆಯ ದಿನ ಹೊಟ್ಟೆ ತೊಳಸಿ ಎದ್ದು ಕೂರಲಾಗುತ್ತಿರಲಿಲ್ಲ. ಶುಕ್ರವಾರದ ದೀಪವನ್ನು ಮಂಜುಳ ಹಚ್ಚುತ್ತಿದ್ದಳು, ನಾನು ಮಲಗಿದಲ್ಲಿಂದ ನೋಡುತ್ತಿದ್ದೆ. ಕೈ ಮುಗಿಯಬೇಕು ಅನ್ನಿಸುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ. ದೀಪ ಉರಿಯುತ್ತಿತ್ತು, ಅಷ್ಟೇ. ಮೊಮ್ಮಗಳು ಪರೀಕ್ಷೆಯಲ್ಲಿ ಪಾಸಾದಳು, ತಂಗಿಯ ಗಂಡ ತೀರಿಕೊಂಡ, ಮೆಟ್ರೋ ರೈಲು ಓಡಿತು. ಎಲ್ಲವೂ ಪಕ್ಕದ ಮನೆಯ ಟೀವಿಯಲ್ಲಿ ಆಗುತ್ತಿದ್ದ ಹಾಗಿತ್ತು. ಈಗ ಓದುತ್ತಿರುವ ನಿಮಗೆ ಹೀಗಾಗುತ್ತಿದ್ದರೆ, ಹೃದಯ ಕಲ್ಲಾಯಿತು ಎಂದು ಹೆದರಬೇಡಿ. ನನಗೂ ಆಗಿತ್ತು.

ಕಣ್ಣಿನ ಹನಿ ದಿನಕ್ಕೆ ಹಲವು ಸಲ. ಆ ಪುಟ್ಟ ಬಾಟಲಿಯನ್ನು ಒತ್ತಲು ನನ್ನ ಬೆರಳಿಗೆ ಶಕ್ತಿ ಇರಲಿಲ್ಲ. ಬೆಳಿಗ್ಗೆ ಸಂಜೆ ಮಂಜುಳ ಹಾಕುತ್ತಿದ್ದಳು, ಹಗಲಲ್ಲಿ ಶಾಂತವ್ವ. ಕೈ ತೊಳೆದು ಬಂದರೂ ಅವಳ ಬೆರಳಲ್ಲಿ ರಬ್ಬರಿನ ವಾಸನೆ. ಒಂದು ಕೈಯಲ್ಲಿ ನನ್ನ ಗದ್ದ ಎತ್ತಿ, ಕಣ್ಣ ಮ್ಯಾಲ ಬಿಡ್ರಿ, ಎಳೆಗರು ಆಡಿದಂಗ ಆಡಬ್ಯಾಡ್ರಿ ಎಂದು ಗದರುತ್ತಿದ್ದಳು. ನನ್ನ ಕಣ್ಣನ್ನು ಅಷ್ಟು ಹತ್ತಿರದಿಂದ, ಅಷ್ಟು ಸಲ ನೋಡಿದವರು ಇನ್ನಾರೂ ಇಲ್ಲ, ಡಾಕ್ಟರೂ ಇಲ್ಲ.

ತಿಂಗಳುಗಳ ಮೇಲೆ ಕೆಂಪು ಇಳಿಯಿತು. ಬಲಗಣ್ಣಿಗೆ ಬರಲಿಲ್ಲ. ಎಡಗಣ್ಣಿನ ಬಿಳಿಯ ಮೇಲೆ ನೀಲಿ ನೆರಳು ಉಳಿಯಿತು, ನೋಟದಲ್ಲಿ ಹಬೆ ಉಳಿಯಿತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಹತ್ತುತ್ತದಲ್ಲ, ಅಂಥ ಹಬೆ. ಒರೆಸಿದರೆ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚು ತಿಳಿಯಾಗುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಹೊರಗೆ ಕಾಯುತ್ತಿದ್ದ ಮಂಜುಳಗೆ, ಚೆನ್ನಾಗಿ ಕಾಣ್ತೈತಂತೆ ಎಂದೆ. ಮನೆಯಲ್ಲೂ ಅದನ್ನೇ ಹೇಳಿದೆ. ಯಜಮಾನರು ಮೊದಲ ಸಲ ಒಂದು ಟ್ಯೂಬ್‌ಲೈಟ್ ಆರಿಸಿದರು.

ಯಾಕೆ ಸುಳ್ಳು ಹೇಳಿದೆ ಅಂದರೆ, ಕಾಣುವುದಿಲ್ಲ ಅಂದ ಮರುಗಳಿಗೆ ಕತ್ತರಿ ನನ್ನ ಕೈಯಿಂದ ಹೋಗುತ್ತಿತ್ತು. ಜಗಲಿಯ ಮೇಲಿನ ಅಜ್ಜಿ ಹೋಗಿ ಮಂಚದ ಮೇಲಿನ ಅಜ್ಜಿ ಆಗುತ್ತಿದ್ದೆ. ಬೇರೆ ಯಾವುದಕ್ಕೂ ಏನೂ ಅನ್ನಿಸದಿದ್ದ ಆ ದಿನಗಳಲ್ಲಿ ಅದೊಂದು ಮಾತ್ರ ಬೇಡ ಅನ್ನಿಸುತ್ತಿತ್ತು.

ಕತ್ತರಿ ಹಿಡಿದೆ. ಔಷಧಿಯಿಂದ ಬೆರಳು ಸ್ವಲ್ಪ ಸಡಿಲವಾಗಿದ್ದವು. ಒಂದು ಕಣ್ಣು ಮಂಜಾದರೆ ಯಾವುದು ದೂರ, ಯಾವುದು ಹತ್ತಿರ ಎಂದು ತಿಳಿಯುವುದಿಲ್ಲ. ಒಮ್ಮೆ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದೆ, ಬೆಕ್ಕು ಕಾಲಿಗೆ ಅಡ್ಡ ಬಂತು ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೆ ಉಂಗುರಗಳ ಕೆಲಸದಲ್ಲಿ ನನ್ನ ಹೆಸರು ಉಳಿಯಿತು. ಚೀಲದ ಮೇಲೆ ಚೀಲ ಹೋಯಿತು, ಒಂದೂ ವಾಪಸ್ ಬರಲಿಲ್ಲ. ಕೈಗೆ ಅಭ್ಯಾಸ ಇದ್ದರೆ ಕಣ್ಣು ಯಾಕೆ ಬೇಕು ಎಂದು ಒಳಗೊಳಗೇ ಬೀಗಿದೆ.

ವಾಪಸ್ ಬರತೊಡಗಿದ್ದು ಶಾಂತವ್ವನ ಚೀಲಗಳು. ಶೆಡ್ಡಿನವನು ಜಗಲಿಯ ಮುಂದೆ ನಿಂತು ಅವಳನ್ನು ಬೈದು ಹೋಗುತ್ತಿದ್ದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಮತ್ತೆ ಕತ್ತರಿಸಲು ಕೂರುತ್ತಿದ್ದಳು. ನಾನು ಬಿಡುತ್ತೇನೆಯೇ? ಏನೇ, ನಿಂಗೂ ಕಣ್ಣಿನ ಡಾಕ್ಟ್ರ ಅಡ್ರೆಸ್ ಕೊಡ್ಲಾ ಎಂದು ಹಂಗಿಸಿದೆ. ಕೊಡ್ರಿ ಅಮ್ಮಾರ, ಬೇಕಾಗೈತಿ ಎಂದಳು. ಅವಳು ಅಷ್ಟು ಸುಲಭಕ್ಕೆ ಸೋಲುವವಳಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ದಿನ ಆಸ್ಪತ್ರೆಗೆ ಒಬ್ಬಳೇ ಹೊರಟೆ, ಮೆಟ್ರೋದಲ್ಲಿ ಹೋಗುವುದು ಅಷ್ಟರಲ್ಲಿ ಕಲಿತಿದ್ದೆ. ಡಾಕ್ಟರು ರಜೆ ಎಂದು ಗೊತ್ತಾಗಿ ಹೋದ ದಾರಿಯಲ್ಲೇ ಬೇಗ ವಾಪಸ್ ಬಂದೆ. ಬೀದಿ ಖಾಲಿ ಇತ್ತು. ಜಗಲಿಯ ಮೇಲೆ ಟ್ಯೂಬ್‌ಲೈಟ್ ಕೆಳಗೆ ಶಾಂತವ್ವ ಕೂತಿದ್ದಳು, ನನ್ನ ಚೀಲವನ್ನು ಮೊರಕ್ಕೆ ಸುರಿದುಕೊಂಡು. ನಾನು ಕತ್ತರಿಸಿಟ್ಟ ಉಂಗುರಗಳನ್ನು ಒಂದೊಂದಾಗಿ ಎತ್ತಿ, ನಾನು ಕಲಿಸಿದ ಹಾಗೇ ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿಯುತ್ತಿದ್ದಳು. ಸಿಪ್ಪೆ ಉಳಿದಿದ್ದರೆ ಬಿಡಿಸುತ್ತಿದ್ದಳು. ಗಾಯವಾದದ್ದನ್ನು ಏನೂ ಮಾಡುವಂತಿರಲಿಲ್ಲ. ಅದನ್ನು ತನ್ನ ಚೀಲಕ್ಕೆ ಹಾಕಿ, ತನ್ನ ಚೀಲದಿಂದ ಒಂದು ಒಳ್ಳೆಯದನ್ನು ತೆಗೆದು ನನ್ನದಕ್ಕೆ ಹಾಕುತ್ತಿದ್ದಳು. ಒಂದು ಹಾಕಿದಳು. ಇನ್ನೊಂದು ಹಾಕಿದಳು. ಅವಳಿಗೆ ನನ್ನ ಹೆಜ್ಜೆ ಕೇಳಿಸಲಿಲ್ಲ, ಎದುರು ಶೆಡ್ಡಿನಲ್ಲಿ ಮಿಷನ್ ಓಡುತ್ತಿತ್ತು.

ಮೆಟ್ಟಿಲ ಬುಡದಲ್ಲೇ ನಿಂತೆ. ನಿಮ್ಮ ಕಣ್ಣಲ್ಲಿ ನೀರು ಊರುವುದು ಕಡಿಮೆಯಾಗಿದೆ, ಬಾಟಲಿಯದ್ದೇ ಹಾಕಿಕೊಳ್ಳುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರು. ಅವತ್ತು ಮಧ್ಯಾಹ್ನದ ಹನಿ ಹಾಕಿಸಿಕೊಂಡಿರಲಿಲ್ಲ. ಕಣ್ಣು ಒಣಗಿರಲೂ ಇಲ್ಲ.

ಈಗ ನಾನು ಕತ್ತರಿ ಹಿಡಿಯುವುದಿಲ್ಲ. ಉಂಗುರ ತೂಗಿ ಚೀಲಕ್ಕೆ ತುಂಬುವುದು, ಬಾಯಿ ಹೊಲಿಯುವುದು ನನ್ನ ಪಾಲಿನ ಕೆಲಸ, ಜಗಲಿಯ ಮೇಲೇ. ಎಡಗಣ್ಣಿನ ಸಮಾಚಾರ ಮನೆಗೆಲ್ಲ ಗೊತ್ತು. ಕಣ್ಣಿನ ಡಾಕ್ಟರಿಗೆ ಬೆರಳು ತೋರಿಸುತ್ತೇನೆ, ಕೀಲಿನ ಡಾಕ್ಟರಿಗೆ ಕಣ್ಣು ತೋರಿಸುತ್ತೇನೆ, ಅವರು ಕೇಳದಿದ್ದರೂ. ಗುಂಪಿಗೆ ಹೊಸದಾಗಿ ಬಂದ ತಾಯೀ, ನೀವೂ ನಾಳೆಯೇ ಹೋಗಿ ಎರಡನ್ನೂ ತೋರಿಸಿ, ಆಲೂಗಡ್ಡೆಯನ್ನು ಪಲ್ಯಕ್ಕೆ ಇಟ್ಟುಕೊಳ್ಳಿ.

ಅವತ್ತಿನದು ಮುಗಿಸಿಬಿಡುತ್ತೇನೆ. ನಾನು ಮೆಟ್ಟಿಲು ಹತ್ತಿ ಅವಳ ಎದುರಿಗೆ, ನನ್ನ ಜಾಗದಲ್ಲಿ ಕೂತೆ. ಅವಳು ಬೆಚ್ಚಲಿಲ್ಲ. ಮೊರವನ್ನು ಮುಚ್ಚಿಡಲೂ ಇಲ್ಲ.

"ಎಷ್ಟು ದಿನದಿಂದ ನಡೀತಾ ಐತೆ ಇದು? ನಂಗ್ಯಾಕೆ ಒಂದ್ ಮಾತು ಏಳ್ಲಿಲ್ಲ?" ಎಂದೆ.

ಶಾಂತವ್ವ ಕೈಯಲ್ಲಿದ್ದ ಉಂಗುರವನ್ನು ಬೆಳಕಿಗೆ ಹಿಡಿದು, ಅದರೊಳಗಿಂದ ನನ್ನನ್ನೇ ನೋಡುತ್ತ ಹೇಳಿದಳು:

"ಡ್ರಿಲ್ಲಿಂಗ್ ಅಂಗಡ್ಯಾಗ ಪ್ಲೇಟಿಂಗ್ ಸುದ್ದಿ ಯಾಕ್ರಿ, ಅಮ್ಮಾರ?"